ಮೆಚ್ಚಿನ ಗಿಟಾರಿಸ್ಟ್‌ಗಳ ಟೋನ್ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್ ಹಿಡಿದವರ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಟೋನ್, ಅಂದರೆ ಸದ್ದಿನ ಬಣ್ಣದ ಹತ್ತಿರ ಬಂದು ನಿಲ್ಲುತ್ತದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಎಲ್ಲವೂ ಎಲೆಕ್ಟ್ರಿಕ್ ಗಿಟಾರ್ ಬಗ್ಗೆ. ಹೊಸಬರು ಮೇಲಿನಿಂದ ಓದಿ. ಆಗಲೇ ಪೆಡಲ್‌ಗಳ ರಾಶಿ ಹಾಕಿಕೊಂಡು ಕೂತವರು ನೇರ ಕೆಳಗೆ ಹೋಗಬಹುದು.

## ಕೊಳ್ಳುವ ಮುಂಚೆ

ನನ್ನ ಹೀರೋ ನುಡಿಸೋ ಗಿಟಾರನ್ನೇ ತಗೊಂಡ್ರೆ ಅದೇ ಟೋನ್ ಬರುತ್ತಾ?

ಬರುವುದಿಲ್ಲ. ಹತ್ತಿರ ಹೋಗಬಹುದು, ಅಷ್ಟೇ. ಕೈ, ಪಿಕ್, ತಂತಿ, ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ), ಪೆಡಲ್ (ಸದ್ದು ಬದಲಿಸುವ ಚಿಕ್ಕ ಪೆಟ್ಟಿಗೆ), ಆಂಪ್ (ಸದ್ದು ಹೆಚ್ಚಿಸುವ ಯಂತ್ರ), ಸ್ಪೀಕರ್, ಮೈಕ್, ಆಮೇಲೆ ಸ್ಟುಡಿಯೋದ ಮಿಕ್ಸಿಂಗ್. ಇಷ್ಟೆಲ್ಲ ದಾಟಿದ ಮೇಲೆ ನಮ್ಮ ಕಿವಿಗೆ ಬೀಳುವುದೇ ನಾವು ಮೆಚ್ಚಿದ ಟೋನ್. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕ್ಯಾಸ್ಟರ್) 2019ರ ಹರಾಜಿನಲ್ಲಿ 39.75 ಲಕ್ಷ ಡಾಲರ್‌ಗೆ ಹೋಯಿತು. ಅಷ್ಟು ಕೊಟ್ಟರೂ ಅವರು ತಂತಿ ಎಳೆಯುವ ಬಗೆ ಗಿಟಾರ್ ಪೆಟ್ಟಿಗೆಯಲ್ಲಿ ಬರುವುದಿಲ್ಲ ಅಲ್ವಾ?

ಹಾಗಾಗಿ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಆ ಟೋನ್‌ನಲ್ಲಿ ನನಗೆ ಹಿಡಿಸಿದ್ದು ಏನು? ಸ್ವರ ಬಹಳ ಹೊತ್ತು ನಿಲ್ಲುವುದಾ? ಗಾಜಿನಂಥ ಹೊಳಪಾ? ಒರಟುತನವಾ? ಹಿಂದೆ ಮರುಕಳಿಸುವ ಎಕೋನಾ? ಒಂದೊಂದಕ್ಕೂ ಕಾರಣವಾಗುವ ಸಾಮಾನು ಬೇರೆ. ಎಕೋ ಹಿಡಿಸಿದವರಿಗೆ ಹೊಸ ಗಿಟಾರ್ ಏನೂ ಮಾಡಿಕೊಡದು. ಹಿಡಿಸಿದ್ದು ಯಾವುದು ಎಂದು ಗೊತ್ತಾದರೆ ಅದಕ್ಕೆ ಬೇಕಾದ್ದನ್ನಷ್ಟೇ ಕೊಂಡರೆ ಸಾಕು.

ದುಡ್ಡು ಕಡಿಮೆ ಇದೆ. ಮೊದಲು ಗಿಟಾರಿಗೆ ಹಾಕಲಾ, ಆಂಪಿಗೆ ಹಾಕಲಾ, ಪೆಡಲ್‌ಗೆ ಹಾಕಲಾ?

ಗಿಟಾರ್ ಶ್ರುತಿಯಲ್ಲಿ ನಿಲ್ಲಬೇಕು, ನುಡಿಸುವಾಗ ಕೈಗೆ ತೊಂದರೆ ಕೊಡಬಾರದು. ಇಷ್ಟಿದ್ದರೆ ಉಳಿದ ದುಡ್ಡೆಲ್ಲ ಆಂಪ್ ಮತ್ತು ಸ್ಪೀಕರ್‌ಗೆ. ಸಾಧಾರಣ ಗಿಟಾರನ್ನು ಒಳ್ಳೆಯ ಆಂಪಿಗೆ ಹಾಕಿದರೆ ಕೇಳುವ ಹಾಗಿರುತ್ತದೆ. ದುಬಾರಿ ಗಿಟಾರನ್ನು ಕೆಟ್ಟ ಆಂಪಿಗೆ ಹಾಕಿದರೆ ಕೆಟ್ಟದಾಗೇ ಕೇಳುತ್ತದೆ. ಪೆಡಲ್ ಕೊನೆಗೆ. ಜನ ಮಾಡುವುದು ಇದರ ಉಲ್ಟಾ, ಯಾಕೆಂದರೆ ಪೆಡಲ್ ಚಿಕ್ಕದು, ಚೆಂದ ಕಾಣುತ್ತದೆ, ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ತರಬಹುದು!

ಸ್ಟ್ರಾಟ್ ತಗೊಳ್ಳಲಾ, ಲೆಸ್ ಪಾಲ್ ತಗೊಳ್ಳಲಾ?

ನೀವು ಮೆಚ್ಚಿದವರು ನುಡಿಸುವುದು ಸಿಂಗಲ್ ಕಾಯಿಲ್ ಪಿಕಪ್ಪಾ, ಹಂಬಕರಾ ಎಂದು ನೋಡಿ. ಸ್ಟ್ರಾಟ್, ಟೆಲಿಕ್ಯಾಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಸಿಂಗಲ್ ಕಾಯಿಲ್. ಸದ್ದು ತೆಳು, ಚೂಪು, ಸ್ಪಷ್ಟ. ಜೊತೆಗೆ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತವೆ. ಎರಡು ಕಾಯಿಲ್‌ಗಳನ್ನು ಉಲ್ಟಾ ಜೋಡಿಸಿ ಆ ಗುಂಯ್ ಅನ್ನು ಹೊಡೆದುಹಾಕುವುದೇ ಹಂಬಕರ್. ಗಿಬ್ಸನ್ ಕಂಪನಿಯಲ್ಲಿ ಸೆತ್ ಲವರ್ 1955ರಲ್ಲಿ ಇದನ್ನು ರೂಪಿಸಿದರು. 1957ರಿಂದ ಅದೇ ಕಂಪನಿಯ ಲೆಸ್ ಪಾಲ್‌ಗಳಲ್ಲಿ ಬಂತು. ಸದ್ದು ದಪ್ಪ, ದುಂಡು, ಆಂಪನ್ನು ಬೇಗ ‘ಒಡೆಯುವಷ್ಟು’, ಅಂದರೆ ಅದರ ಸದ್ದನ್ನು ಒರಟಾಗಿಸುವಷ್ಟು, ಜೋರು.

ತಂತಿಯ ಉದ್ದದಲ್ಲೂ ವ್ಯತ್ಯಾಸವಿದೆ. ಸ್ಟ್ರಾಟ್‌ನಲ್ಲಿ ಸುಮಾರು 648 ಮಿಲಿಮೀಟರ್, ಲೆಸ್ ಪಾಲ್‌ನಲ್ಲಿ ಸುಮಾರು 628. ಅದೇ ತಂತಿ, ಅದೇ ಶ್ರುತಿ ಇಟ್ಟರೂ ಸ್ಟ್ರಾಟ್‌ನಲ್ಲಿ ಬಿಗಿ ಜಾಸ್ತಿ.

ಒಬ್ಬರನ್ನೇ ಮೆಚ್ಚಿದ್ದರೆ ಆಯ್ಕೆ ಸುಲಭ. ಹತ್ತು ಜನರನ್ನು ಮೆಚ್ಚಿದ್ದರೆ ಬ್ರಿಡ್ಜ್ (ಗಿಟಾರಿನ ಮೈ ಮೇಲೆ ತಂತಿಗಳು ಕೂರುವ ಜಾಗ) ಬಳಿ ಹಂಬಕರ್, ಉಳಿದೆರಡು ಕಡೆ ಸಿಂಗಲ್ ಕಾಯಿಲ್ ಇರುವ ಗಿಟಾರ್ ನೋಡಿ. ಅದು ಯಾರ ಟೋನನ್ನೂ ಪೂರ್ತಿ ಕೊಡುವುದಿಲ್ಲ, ಯಾರಿಂದಲೂ ತೀರಾ ದೂರವೂ ಇಡುವುದಿಲ್ಲ.

ಸಿಗ್ನೇಚರ್ ಮಾಡೆಲ್ ತಗೊಳ್ಳೋದು ಒಳ್ಳೇದಾ?

ಆ ಗಿಟಾರ್ ನಿಮ್ಮ ಕೈಗೆ ಹೊಂದಿದರೆ ತಗೊಳ್ಳಿ. ಹೆಸರಾಂತ ಗಿಟಾರಿಸ್ಟ್ ಒಬ್ಬರ ಸಹಿ ಇದೆ ಎಂದು ತಗೊಳ್ಳಬೇಡಿ. ಎಷ್ಟೋ ಸಲ ಅದೇ ಕಂಪನಿಯ ಮಾಮೂಲಿ ಮಾಡೆಲ್‌ಗೂ ಅದಕ್ಕೂ ಇರುವ ವ್ಯತ್ಯಾಸ ಪಿಕಪ್ ಮತ್ತು ಬಣ್ಣ ಮಾತ್ರ.

ಅವರು ಏನೇನು ಬಳಸ್ತಾರೆ ಅಂತ ಪಟ್ಟಿ ಸಿಕ್ಕಿದೆ. ಅದನ್ನ ನಂಬಬಹುದಾ?

ಪಟ್ಟಿ ಯಾವ ವರ್ಷದ್ದು ಎಂದು ಮೊದಲು ನೋಡಿ. ಜಿಮ್ಮಿ ಪೇಜ್ ಎಂದ ಕೂಡಲೇ ಎಲ್ಲರಿಗೂ ಲೆಸ್ ಪಾಲ್ ನೆನಪಾಗುತ್ತದೆ. ಆದರೆ ಲೆಡ್ ಜೆಪ್ಪೆಲಿನ್‌ನ ಮೊದಲ ಆಲ್ಬಂನಲ್ಲಿ ಮುಖ್ಯವಾಗಿ ಕೇಳುವುದು ಟೆಲಿಕ್ಯಾಸ್ಟರ್ ಮತ್ತು ಒಂದು ಚಿಕ್ಕ ಸುಪ್ರೋ ಆಂಪ್. ಗಿಲ್ಮೋರ್ ಕೂಡ 1980ರ ದಶಕದಲ್ಲಿ ಇಎಂಜಿ ಕಂಪನಿಯ ಪಿಕಪ್ ಇದ್ದ ಕೆಂಪು ಸ್ಟ್ರಾಟ್‌ಗೆ ಹೋದರು. 1970ರ ದಶಕದ ಕಪ್ಪು ಸ್ಟ್ರಾಟ್‌ನ ಸದ್ದೇ ಬೇರೆ.

ಇನ್ನೊಂದು ವಿಷಯ. ವೇದಿಕೆಯ ಮೇಲೆ ಕಂಡದ್ದು ಸ್ಟುಡಿಯೋದಲ್ಲಿ ಇದ್ದಿರಬೇಕು ಅಂತೇನೂ ಇಲ್ಲ. ಹಿಂದೆ ಗೋಡೆಯಂತೆ ನಿಲ್ಲಿಸಿದ ಆಂಪ್‌ಗಳ ಫೋಟೋ ನೋಡಿ ಮೋಸ ಹೋಗಬೇಡಿ. ನಿಮಗೆ ಬೇಕಾದ ಒಂದು ರೆಕಾರ್ಡಿಂಗ್ ಆರಿಸಿಕೊಳ್ಳಿ. ಅದು ಯಾವ ಕಾಲದ್ದು, ಆಗ ಅವರ ಬಳಿ ಏನಿತ್ತು ಎಂದಷ್ಟೇ ಹುಡುಕಿ.

## ಆಂಪ್ ಮತ್ತು ಸ್ಪೀಕರ್

ಫೆಂಡರ್ ಥರ, ವಾಕ್ಸ್ ಥರ, ಮಾರ್ಷಲ್ ಥರ ಅಂತಾರಲ್ಲ, ಏನದು?

ಆಂಪ್‌ಗಳ ಮೂರು ದೊಡ್ಡ ಮನೆತನಗಳು ಇವು. ನಿಮ್ಮ ಹೀರೋ ಯಾವ ಮನೆತನಕ್ಕೆ ಸೇರಿದವರು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

1960ರ ದಶಕದ ಕಪ್ಪು ಪ್ಯಾನೆಲ್‌ನ ಫೆಂಡರ್‌ಗಳಲ್ಲಿ ಬಾಸ್ (ತಗ್ಗಿನ ಸದ್ದು) ಮತ್ತು ಟ್ರೆಬಲ್ (ಮೇಲಿನ ಸದ್ದು) ಎದ್ದು ಕಾಣುತ್ತವೆ, ನಡುವಿನ ಮಿಡ್ ತಗ್ಗಿರುತ್ತದೆ. ಜೋರಾಗಿ ಇಟ್ಟರೂ ಸುಮಾರು ಹೊತ್ತು ಶುಚಿಯಾಗೇ, ಅಂದರೆ ಒಡೆಯದೆ, ಇರುತ್ತವೆ. ಬ್ಲೂಸ್ ಗಿಟಾರಿಸ್ಟ್ ಸ್ಟೀವೀ ರೇ ವಾನ್ ಬಳಸಿದ ವೈಬ್ರೋವರ್ಬ್, ಸೂಪರ್ ರಿವರ್ಬ್ ಈ ಮನೆಯವೇ.

ವಾಕ್ಸ್ ಎಂದರೆ ಹೆಚ್ಚಾಗಿ ಎಸಿ30. 30 ವ್ಯಾಟ್, ಇಎಲ್84 ಟ್ಯೂಬ್‌ಗಳು (ಟ್ರಾನ್ಸಿಸ್ಟರ್ ಬದಲು ಸದ್ದು ಹೆಚ್ಚಿಸುವ ಗಾಜಿನ ಕೊಳವೆಗಳು). ಮೇಲಿನ ಮಿಡ್‌ನಲ್ಲಿ ಗಂಟೆ ಹೊಡೆದಂಥ ಹೊಳಪು. ಜೋರು ಮಾಡುತ್ತಾ ಹೋದಂತೆ ನಿಧಾನಕ್ಕೆ ಒಡೆಯುತ್ತದೆ. ಯು2ನ ದಿ ಎಡ್ಜ್ ಮತ್ತು ಕ್ವೀನ್‌ನ ಬ್ರಯಾನ್ ಮೇ ಇಬ್ಬರೂ ಎಸಿ30 ಜನ. ಇಬ್ಬರ ಟೋನ್‌ಗೂ ಒಂದಿಷ್ಟೂ ಹೋಲಿಕೆ ಇಲ್ಲ, ನೋಡಿ. ಎಡ್ಜ್ ಅದನ್ನು ಒಡೆಯುವ ಅಂಚಿನಲ್ಲಿ ಇಟ್ಟು ಮುಂದೆ ಡಿಲೇ (ಎಕೋ ಬರಿಸುವ ಪೆಡಲ್) ಹಾಕುತ್ತಾರೆ. ಮೇ ಟ್ರೆಬಲ್ ಬೂಸ್ಟರ್ ಹಾಕಿ ವಾಲ್ಯೂಮ್ ಪೂರ್ತಿ ತಿರುಗಿಸುತ್ತಾರೆ. ಶುಚಿಯಾದ ಸದ್ದು ಬೇಕಾದಾಗ ಗಿಟಾರಿನ ವಾಲ್ಯೂಮ್ ಇಳಿಸುತ್ತಾರೆ.

ಮಾರ್ಷಲ್ ಶುರುವಾದದ್ದು ಫೆಂಡರ್ ಬಾಸ್‌ಮನ್ ಸರ್ಕ್ಯೂಟ್‌ನ ಆಧಾರದ ಮೇಲೆ, 1960ರ ದಶಕದ ಆರಂಭದಲ್ಲಿ. ಆಮೇಲೆ ಇಎಲ್34 ಟ್ಯೂಬ್‌ಗಳು ಬಂದವು. ಮಿಡ್ ಮುಂದೆ ನಿಲ್ಲುತ್ತದೆ, ಒರಟು ಗರ್ಜನೆ ಸಿಗುತ್ತದೆ. ಜಿಮಿ ಹೆಂಡ್ರಿಕ್ಸ್, ಎಡ್ಡಿ ವ್ಯಾನ್ ಹೇಲನ್, ಮತ್ತೆ ಹಾರ್ಡ್ ರಾಕ್‌ನ ಮುಕ್ಕಾಲು ಪಾಲು ಜನ ಇಲ್ಲಿಯವರು.

ಈ ಮೂರರ ಹೊರಗೂ ಇದ್ದಾರೆ. ಗಿಲ್ಮೋರ್ ಅವರ ಹೈವಾಟ್ ಡಿಆರ್103 ನೂರು ವ್ಯಾಟಿನದು, ಬಲು ಜೋರಿನಲ್ಲೂ ಒಡೆಯದೆ ಗಟ್ಟಿಯಾಗಿ ನಿಲ್ಲುತ್ತದೆ. ಸಾಂಟಾನಾ ಅವರ ಹಾಡುವಂಥ ಲೀಡ್‌ಗೆ ಹೆಸರಾದದ್ದು ಮೆಸಾ ಬೂಗಿ. ಆದರೆ ಇವತ್ತಿಗೂ ಕಡಿಮೆ ಬೆಲೆಯ ಆಂಪ್‌ಗಳು ನಕಲು ಮಾಡುವುದು ಹೆಚ್ಚಾಗಿ ಮೊದಲಿನ ಮೂರನ್ನೇ.

ಅವರು 100 ವ್ಯಾಟ್ ಬಳಸಿದ್ದಾರೆ. ನನಗೂ 100 ವ್ಯಾಟ್ ಬೇಕಾ?

ಬೇಡ. 100 ವ್ಯಾಟ್ ಎಂದರೆ 50ರ ಎರಡರಷ್ಟು ಜೋರು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ವ್ಯತ್ಯಾಸ 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಕೇಳಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 10 ವ್ಯಾಟಿನ ಟ್ಯೂಬ್ ಆಂಪ್ ಕೂಡ 100 ವ್ಯಾಟಿನದರ ಅರ್ಧದಷ್ಟು ಜೋರಾಗಿ ಕೇಳುತ್ತದೆ. ಮನೆಯಲ್ಲಿ ಅದೂ ಜಾಸ್ತಿಯೇ. ಹಳೆಯ ಮಾರ್ಷಲ್‌ಗಳ ಟೋನ್ ಹುಟ್ಟುವುದು ಪವರ್ ಟ್ಯೂಬ್‌ಗಳು ದುಡಿದಾಗ. 100 ವ್ಯಾಟನ್ನು ಅಷ್ಟು ದುಡಿಸಿದರೆ ಮನೆಯವರು, ಪಕ್ಕದವರು ಯಾರೂ ನಿಮ್ಮ ಕಡೆ ಇರುವುದಿಲ್ಲ. 1ರಿಂದ 15 ವ್ಯಾಟ್‌ನೊಳಗಿನ ಆಂಪ್ ಅದೇ ಸ್ಥಿತಿಯನ್ನು ಕಡಿಮೆ ಸದ್ದಿನಲ್ಲಿ ಮುಟ್ಟುತ್ತದೆ.

ಟ್ಯೂಬ್ ಆಂಪೇ ಆಗಬೇಕಾ?

ಹೆಸರು ಕೇಳಿ. ಬಿ.ಬಿ. ಕಿಂಗ್ ವರ್ಷಗಟ್ಟಲೆ ಮೆಚ್ಚಿ ನುಡಿಸಿದ ಲ್ಯಾಬ್ ಸೀರೀಸ್ ಎಲ್5ನಲ್ಲಿ ಟ್ಯೂಬ್ ಇಲ್ಲ. ಡೈಮ್‌ಬ್ಯಾಗ್ ಡ್ಯಾರೆಲ್ ಹೆಸರು ಮಾಡಿದ್ದು ಟ್ರಾನ್ಸಿಸ್ಟರ್‌ನ ರಾಂಡಲ್ ಆಂಪ್‌ಗಳ ಮೇಲೆ. 1975ರಲ್ಲಿ ಬಂದ ರೋಲೆಂಡ್ ಜೆಸಿ-120 ಇಂದಿಗೂ ಶುಚಿಯಾದ ಟೋನ್‌ಗೆ ಮಾದರಿ. ಇವರ ಹಿಂದೆ ಹೊರಟವರು ಟ್ಯೂಬ್ ಕೊಂಡರೆ ದೂರವೇ ಹೋಗುತ್ತಾರೆ.

ಗಿಟಾರಿನ ವಾಲ್ಯೂಮ್ ಇಳಿಸಿದಾಗ ಶುಚಿಯಾಗಿ, ಏರಿಸಿದಾಗ ಒಡೆದು, ಜೋರಾಗಿ ಹೊಡೆದರೆ ಇನ್ನಷ್ಟು ಒಡೆಯುವ ಸದ್ದು ಬೇಕು ಅನ್ನುವವರಿಗೆ ಟ್ಯೂಬ್ ಸಹಜವಾಗಿ ಒಗ್ಗುತ್ತದೆ. ಹೆಂಡ್ರಿಕ್ಸ್, ಮೇ ಈ ಜಾತಿ. ಒಂದು ಎಚ್ಚರಿಕೆ: ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪನ್ನು ಎಂದೂ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಸ್ಪೀಕರ್ ಬದಲಾಯಿಸಿದ್ರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಪಿಕಪ್ ಬದಲಾಯಿಸಿದ್ದಕ್ಕಿಂತ ಜಾಸ್ತಿಯೇ ಆಗುತ್ತದೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನೆಲ್ಲ ಹೆಚ್ಚುಕಡಿಮೆ ಕತ್ತರಿಸಿ ಹಾಕುತ್ತದೆ. ಡಿಸ್ಟಾರ್ಷನ್ (ಒಡೆದ ಸದ್ದು) ಕಿವಿಗೆ ಹಿತವಾಗುವುದು ಇದರಿಂದಲೇ. ಎಸಿ30ಯ ಹೊಳಪಿನಲ್ಲಿ ಸೆಲೆಷನ್ ಬ್ಲೂ ಸ್ಪೀಕರ್‌ನ ಪಾಲಿದೆ, 1960ರ ದಶಕದ ಕೊನೆಯ ಮಾರ್ಷಲ್ ಸದ್ದಿನಲ್ಲಿ 25 ವ್ಯಾಟಿನ ಗ್ರೀನ್‌ಬ್ಯಾಕ್‌ನ ಪಾಲಿದೆ. ನಿಮ್ಮ ಆಂಪ್ ಚಿಕ್ಕ ಪೆಟ್ಟಿಗೆಯಲ್ಲಿ ಕೂಗಿದ ಹಾಗೆ ಕೇಳುತ್ತಿದ್ದರೆ, ಬಿಸಾಡುವ ಮುಂಚೆ ಅದನ್ನು 12 ಇಂಚಿನ ಸ್ಪೀಕರ್ ಇರುವ ಕ್ಯಾಬಿನೆಟ್‌ಗೆ ಜೋಡಿಸಿ ಕೇಳಿ. ಸ್ಪೀಕರಿನ ಓಮ್ (ಪ್ರತಿರೋಧ) ಲೆಕ್ಕ ಮಾತ್ರ ಆಂಪ್ ಹೇಳಿದಷ್ಟೇ ಇರಲಿ.

## ಪೆಡಲ್

ಓವರ್‌ಡ್ರೈವ್, ಡಿಸ್ಟಾರ್ಷನ್, ಫಝ್. ಯಾವುದು ಯಾರದ್ದು?

ಮೂರೂ ಸಿಗ್ನಲ್‌ನ ತಲೆ ಕತ್ತರಿಸುತ್ತವೆ. ಎಷ್ಟು ಒರಟಾಗಿ ಎಂಬುದರಲ್ಲಿ ವ್ಯತ್ಯಾಸ. ಓವರ್‌ಡ್ರೈವ್ ಮೆತ್ತಗೆ ಕತ್ತರಿಸುತ್ತದೆ, ನಿಮ್ಮ ಹೊಡೆತಕ್ಕೆ ಸ್ಪಂದಿಸುತ್ತದೆ: ಸ್ಟೀವೀ ರೇ ವಾನ್. ಡಿಸ್ಟಾರ್ಷನ್ ಗಟ್ಟಿಯಾಗಿ ಕತ್ತರಿಸುತ್ತದೆ, ಮೆಲ್ಲಗೆ ಹೊಡೆದರೂ ಒರಟಾಗೇ ಇರುತ್ತದೆ: ಬಾಸ್ ಕಂಪನಿಯ ಡಿಎಸ್-1 ಪೆಡಲ್ ಹಾಕಿದ ಕರ್ಟ್ ಕೋಬೇನ್. ಫಝ್ ಅಂತೂ ಅಲೆಯನ್ನು ಚೌಕಾಕಾರಕ್ಕೆ ತಂದುಬಿಡುತ್ತದೆ: ಫಝ್ ಫೇಸ್ ಹಾಕಿದ ಹೆಂಡ್ರಿಕ್ಸ್, ಬಿಗ್ ಮಫ್ ಹಾಕಿದ ಗಿಲ್ಮೋರ್. ಬಿಗ್ ಮಫ್ ಕೇಳಲು ಫಝ್, ಆದರೆ ಮಿಡ್ ತಗ್ಗಿಸುತ್ತದೆ. ಆಗಲೇ ಒಡೆದು ಕೂತ ಚಿಕ್ಕ ಆಂಪಿಗೆ ಅದನ್ನು ಹಾಕಿದರೆ ಸ್ವರವೆಲ್ಲ ಕಲಸಿಹೋಗುತ್ತದೆ. ಗಿಲ್ಮೋರ್ ಹಾಕಿದ್ದು ಒಡೆಯದ ಹೈವಾಟ್‌ಗೆ ಎಂಬುದು ನೆನಪಿರಲಿ.

ಸ್ಟೀವೀ ರೇ ಬಳಸಿದ ಟ್ಯೂಬ್ ಸ್ಕ್ರೀಮರೇ ತಗೊಂಡೆ. ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ. ಪೆಡಲ್ ಡೂಪ್ಲಿಕೇಟಾ?

ಪೆಡಲ್ ಸರಿ ಇದೆ. ನೀವು ಡ್ರೈವ್ ನಾಬ್ ಮೇಲಕ್ಕೆ ತಿರುಗಿಸಿ, ಲೆವೆಲ್ ಅರ್ಧಕ್ಕೆ ಇಟ್ಟು, ಶುಚಿಯಾದ ಚಿಕ್ಕ ಆಂಪಿಗೆ ಹಾಕಿರುತ್ತೀರಿ. ಸುಮ್ನೆ ಹೇಳುತ್ತಿಲ್ಲ, ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರದು ಇದೇ ಕಥೆ.

ಟ್ಯೂಬ್ ಸ್ಕ್ರೀಮರ್ ಎಂಬ ಈ ಓವರ್‌ಡ್ರೈವ್ ಪೆಡಲ್ ಬಾಸನ್ನು ಇಳಿಸಿ, ಸುಮಾರು 720 ಹರ್ಟ್ಸ್ ಆಸುಪಾಸಿನ ಮಿಡ್ ಅನ್ನು ಎತ್ತುತ್ತದೆ. ಒಂಟಿಯಾಗಿ ಕೇಳಿದರೆ ಅದು ಮೂಗಿನಿಂದ ಹಾಡಿದ ಹಾಗಿರುತ್ತದೆ. ಆದರೆ ವಾನ್ ಅದನ್ನು ಒಂಟಿಯಾಗಿ ಕೇಳಿಸಲಿಲ್ಲ. ಮಿಡ್ ತಗ್ಗಿದ ಫೆಂಡರ್‌ಗಳನ್ನು ಆಗಲೇ ಸಿಕ್ಕಾಪಟ್ಟೆ ಜೋರಾಗಿ ಇಟ್ಟಿದ್ದರು. ಆ ಹಳ್ಳವನ್ನು ಈ ದಿಬ್ಬ ತುಂಬಿತು. ಪೆಡಲ್‌ನ ಡ್ರೈವ್ ಕಡಿಮೆ, ಲೆವೆಲ್ ಜಾಸ್ತಿ. ಆಂಪನ್ನು ಮುಂದಕ್ಕೆ ತಳ್ಳುವುದಷ್ಟೇ ಅದರ ಕೆಲಸವಾಗಿತ್ತು.

ನೀವೂ ಹಾಗೆ ಮಾಡಿ. ಮೊದಲು ಪೆಡಲ್ ಇಲ್ಲದೆ ಆಂಪನ್ನು ಒಡೆಯುವ ಅಂಚಿಗೆ ತನ್ನಿ. ಗಟ್ಟಿಯಾಗಿ ಹೊಡೆದರೆ ಒಡೆಯಬೇಕು, ಮೆಲ್ಲಗೆ ನುಡಿಸಿದರೆ ಶುಚಿಯಾಗಿರಬೇಕು. ಆಮೇಲೆ ಡ್ರೈವ್ ಹತ್ತಿರ ಹತ್ತಿರ ಸೊನ್ನೆ, ಲೆವೆಲ್ ಮುಕ್ಕಾಲಿಗಿಂತ ಮೇಲೆ ಇಟ್ಟು ಪೆಡಲ್ ಒತ್ತಿ. ಜೋರು ಮಾಡಲು ಆಗದ ಜಾಗವಾದರೆ ಆಂಪ್ ಮುಂದೆ ಇನ್ನೊಂದು ಮೆತ್ತನೆಯ ಓವರ್‌ಡ್ರೈವ್ ಸದಾ ಹಾಕಿಟ್ಟು, ಅದನ್ನೇ ಒಡೆಯುವ ಆಂಪ್ ಎಂದುಕೊಂಡು, ಟ್ಯೂಬ್ ಸ್ಕ್ರೀಮರನ್ನು ಅದರ ಹಿಂದೆ, ಅಂದರೆ ಗಿಟಾರ್ ಕಡೆಗೆ ಇಡಿ.

ಫಝ್ ಮತ್ತು ವಾಹ್ ಒಟ್ಟಿಗೆ ಹಾಕಿದ್ರೆ ಕಿರುಚುತ್ತೆ. ಯಾವುದನ್ನ ಮೊದಲು ಇಡಬೇಕು?

ಹಳೆಯ ಬಗೆಯ ಫಝ್‌ಗಳು ಗಿಟಾರಿನ ಪಿಕಪ್ ಜೊತೆ ನೇರ ಸಂಬಂಧ ಬಯಸುತ್ತವೆ. ನಡುವೆ ಬಫರ್ (ಸಿಗ್ನಲ್ ಬಲ ಕುಂದದಂತೆ ಕಾಯುವ ಸರ್ಕ್ಯೂಟ್) ಅಥವಾ ವಾಹ್ (ಕಾಲಿನಿಂದ ಒತ್ತಿ ‘ವಾ ವಾ’ ಸದ್ದು ಬರಿಸುವ ಪೆಡಲ್) ಬಂದರೆ ಮುನಿಸಿಕೊಳ್ಳುತ್ತವೆ. ಹೆಂಡ್ರಿಕ್ಸ್ ವಾಹ್ ಅನ್ನು ಫಝ್‌ಗಿಂತ ಮೊದಲು ಇಟ್ಟರು. ಆದರೆ ಮನೆಯಲ್ಲಿ ಕಿರುಚಾಟ ತಪ್ಪಿಸಬೇಕೆಂದರೆ ಗಿಟಾರ್‌ನಿಂದ ಫಝ್, ಆಮೇಲೆ ವಾಹ್, ಆಮೇಲೆ ಓವರ್‌ಡ್ರೈವ್ ಎಂದು ಜೋಡಿಸಿ ನೋಡಿ. ಫಝ್ ಹಾಕಿಯೇ ಗಿಟಾರಿನ ವಾಲ್ಯೂಮ್ ಇಳಿಸಿದರೆ ಒಂದು ವಿಶೇಷವಾದ ಗಾಜಿನಂಥ ಶುಚಿ ಸದ್ದು ಬರುತ್ತದೆ. ಹೆಂಡ್ರಿಕ್ಸ್ ಅವರ ಎಷ್ಟೋ ಮೆದು ಟೋನ್‌ಗಳು ಹೀಗೆ ಬಂದವು. ನಡುವೆ ಬಫರ್ ಇದ್ದರೆ ಅದು ಸಿಗುವುದಿಲ್ಲ.

ಹಳೆಯ ಮಾದರಿಯ ಜರ್ಮೇನಿಯಂ ಫಝ್‌ಗಳಲ್ಲಿ ಕೆಲವು ಪಾಸಿಟಿವ್ ಗ್ರೌಂಡ್ ಆಗಿರುತ್ತವೆ. ಬೇರೆ ಪೆಡಲ್‌ಗಳ ಜೊತೆ ಒಂದೇ ವೈರಿನಲ್ಲಿ ಪವರ್ ಕೊಟ್ಟರೆ ಶಾರ್ಟ್ ಆಗುತ್ತದೆ. ಅವಕ್ಕೆ ಬ್ಯಾಟರಿ ಹಾಕಿ. ಸೆಕೆಯಲ್ಲಿ ಅವುಗಳ ಟೋನ್ ಬದಲಾದರೆ ಗಾಬರಿ ಬೇಡ, ಜರ್ಮೇನಿಯಂ ಟ್ರಾನ್ಸಿಸ್ಟರ್‌ನ ಗುಣವೇ ಅದು.

ದಿ ಎಡ್ಜ್ ಥರ ಡಿಲೇ ಸೆಟ್ ಮಾಡೋಕೆ ಎಷ್ಟು ಮಿಲಿಸೆಕೆಂಡ್ ಇಡಬೇಕು?

ಒಂದೇ ಸಂಖ್ಯೆ ಇಲ್ಲ, ಹಾಡಿನ ವೇಗದ ಮೇಲೆ ಹೋಗುತ್ತದೆ. 60,000 ಅನ್ನು ನಿಮಿಷಕ್ಕೆ ಎಷ್ಟು ಬೀಟ್ ಎಂಬುದರಿಂದ ಭಾಗಿಸಿ. ಬಂದದ್ದು ಒಂದು ಬೀಟಿನ ಉದ್ದ. ಅದರ ಮುಕ್ಕಾಲು ಭಾಗ ಡಿಲೇಗೆ ಇಡಿ. ವೇಗ 120 ಇದ್ದರೆ ಒಂದು ಬೀಟ್ 500 ಮಿಲಿಸೆಕೆಂಡ್, ಡಿಲೇ 375. ನೀವು ಬೀಟಿಗೆ ಎರಡು ಸ್ವರದಂತೆ ಸಮನಾಗಿ ನುಡಿಸಿದರೆ ಎಕೋ ನಡುವಿನ ಖಾಲಿ ಜಾಗದಲ್ಲಿ ಬಿದ್ದು, ಎರಡರಷ್ಟು ಸ್ವರ ನುಡಿಸಿದಂತೆ ಕೇಳುತ್ತದೆ. ಎಕೋದ ಸದ್ದನ್ನು ಮೂಲ ಸ್ವರದ ಹತ್ತಿರಕ್ಕೆ ತನ್ನಿ. ಕೈಯ ತಾಳ ಸ್ವಲ್ಪ ಜಾರಿದರೂ ಎಲ್ಲ ಚೆಲ್ಲಾಪಿಲ್ಲಿ. ಮೆಟ್ರೊನೋಮ್ ಇಟ್ಟುಕೊಂಡೇ ಅಭ್ಯಾಸ ಮಾಡಿ.

ಒರಿಜಿನಲ್ ಬೇಕಾ, ಕ್ಲೋನ್ ಪೆಡಲ್ ಸಾಕಾ?

ಕ್ಲೋನ್, ಅಂದರೆ ಬೇರೆಯವರು ಮಾಡಿದ ನಕಲು, ಸಾಕು. ಹಳೆಯ ಒರಿಜಿನಲ್‌ಗಳೇ ಒಂದರಂತೆ ಒಂದಿರಲಿಲ್ಲ.

## ಕೈ, ತಂತಿ, ಪಿಕಪ್

ಟೋನ್ ಬೆರಳಲ್ಲಿದೆ ಅಂತಾರೆ. ನಿಜಾನಾ, ಸುಮ್ನೆ ಹೇಳೋ ಮಾತಾ?

ಅರ್ಧ ನಿಜ. ಬಿಗ್ ಮಫ್‌ನ ಸದ್ದು ಬೆರಳಿನಿಂದ ಬರುವುದಿಲ್ಲ. ಆದರೆ ತಂತಿಯನ್ನು ಯಾವುದರಿಂದ, ಎಲ್ಲಿ, ಎಷ್ಟು ಜೋರಾಗಿ ಮುಟ್ಟುತ್ತೀರಿ ಎಂಬುದು ಮುಂದಿನ ಎಲ್ಲದಕ್ಕೂ ಬುನಾದಿ.

ಮಾರ್ಕ್ ನಾಫ್ಲರ್ ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ತಂತಿಯನ್ನು ಕಿತ್ತು ಬಿಡುತ್ತಾರೆ. ಸ್ಟ್ರಾಟ್‌ನ ಬ್ರಿಡ್ಜ್ ಮತ್ತು ನಡುವಿನ ಪಿಕಪ್ ಒಟ್ಟಿಗೆ ಇಟ್ಟರೂ, ಕೈಯಲ್ಲಿ ಪಿಕ್ ಇದ್ದರೆ ಆ ಟಕ್ಕೆನ್ನುವ ಸದ್ದು ಬಾರದು. ವೆಸ್ ಮಾಂಟ್‌ಗೊಮರಿ ಹೆಬ್ಬೆರಳಿನ ಮೆತ್ತನೆಯ ಭಾಗದಿಂದಲೇ ನುಡಿಸಿದರು. ಬ್ರಯಾನ್ ಮೇ ಬಳಸುವುದು ಹಳೆಯ ಆರು ಪೆನ್ಸ್ ನಾಣ್ಯ. ಎಡ್ಜ್ ಪಿಕ್‌ನ ಉಬ್ಬುತಗ್ಗಿನ ಹಿಡಿಯುವ ಭಾಗವನ್ನೇ ತಂತಿಗೆ ತಾಗಿಸುತ್ತಾರೆ, ಸ್ವರದ ಶುರುವಿನಲ್ಲಿ ಬರುವ ಆ ಗೀರು ಅದರದು. ಜೆಫ್ ಬೆಕ್ ಪಿಕ್ ಬಿಟ್ಟ ಮೇಲೆ ಹೆಬ್ಬೆರಳಿನಿಂದ ನುಡಿಸುತ್ತಾ ಕಿರುಬೆರಳಿನಿಂದ ವಾಲ್ಯೂಮ್ ನಾಬ್ ತಿರುಗಿಸುತ್ತಿದ್ದರು. ಅವರ ಟೋನ್ ಹಿಡಿಯಲು ಹೊರಟು ಪೆಡಲ್ ಪಟ್ಟಿ ಹುಡುಕುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ.

ಹತ್ತು ಬಗೆಯ ಪಿಕ್ ಕೊಂಡರೂ ಒಂದು ಪೆಡಲ್‌ನ ದುಡ್ಡಾಗುವುದಿಲ್ಲ. ಅಲ್ಲಿಂದ ಶುರು ಮಾಡಿ.

ದಪ್ಪ ತಂತಿ ಹಾಕಿದ್ರೆ ದಪ್ಪ ಟೋನ್ ಬರುತ್ತಾ?

ಸ್ಟೀವೀ ರೇ ವಾನ್ 13ರ ತಂತಿ ಹಾಕುತ್ತಿದ್ದರು ಎಂದು ಕೇಳಿ ಬೆರಳು ಸುಲಿದುಕೊಂಡವರು ತುಂಬಾ ಜನ. 13 ಅಂದರೆ ತೀರಾ ತೆಳುವಾದ ತಂತಿಯೇ 0.013 ಇಂಚು. ಜೊತೆಗೆ ಅವರು ಶ್ರುತಿಯನ್ನು ಅರ್ಧ ಸ್ವರ ಇಳಿಸುತ್ತಿದ್ದರು, ಬಿಗಿ ಅಷ್ಟು ಕಡಿಮೆಯಾಗುತ್ತಿತ್ತು. ಇನ್ನೊಂದು ಕಡೆ ಬಿಲ್ಲಿ ಗಿಬನ್ಸ್ ಇದ್ದಾರೆ. ದಪ್ಪ ಟೋನ್‌ಗೆ ಹೆಸರಾದ ಅವರು ಬಳಸುವುದು 7, 8ರ ತಂತಿ. ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಟೋನಿ ಐಯೋಮಿ ಹಗುರ ತಂತಿ ಹಾಕಿಯೇ ಹೆವಿ ಮೆಟಲ್‌ಗೆ ಅಡಿಪಾಯ ಹಾಕಿದರು.

ದಪ್ಪ ತಂತಿ ಗಟ್ಟಿ ಹೊಡೆತವನ್ನು ತಡೆದುಕೊಳ್ಳುತ್ತದೆ, ಸ್ವರ ಅಲುಗಾಡುವುದಿಲ್ಲ. ನೀವು ಗಟ್ಟಿ ಹೊಡೆಯುವವರಾದರೆ 10 ಅಥವಾ 11 ನೋಡಿ. ಇಲ್ಲದಿದ್ದರೆ 9 ಸಾಕು.

ರೆಕಾರ್ಡ್ ಜೊತೆ ನುಡಿಸಿದ್ರೆ ಶ್ರುತಿಯೇ ಕೂಡಲ್ಲ. ಏನು ಸಮಸ್ಯೆ?

ಬಹುಶಃ ಅವರು ಶ್ರುತಿ ಇಳಿಸಿದ್ದಾರೆ. ಹೆಂಡ್ರಿಕ್ಸ್, ವಾನ್, ವ್ಯಾನ್ ಹೇಲನ್ ಇವರೆಲ್ಲ ಆಗಾಗ ಅರ್ಧ ಸ್ವರ ಕೆಳಗೆ ಇಟ್ಟವರು. ಕೀತ್ ರಿಚರ್ಡ್ಸ್ ಅವರ ಎಷ್ಟೋ ರಿಫ್‌ಗಳು ಆರನೆಯ ತಂತಿ ತೆಗೆದುಹಾಕಿ, ಉಳಿದ ಐದನ್ನು ಓಪನ್ ಜಿಗೆ (ಬರಿ ತಂತಿ ಮೀಟಿದರೇ ಜಿ ಕಾರ್ಡ್ ಬರುವ ಶ್ರುತಿ) ಇಟ್ಟು ನುಡಿಸಿದವು. ಮಾಮೂಲಿ ಶ್ರುತಿಯಲ್ಲಿ ಎಷ್ಟು ಒದ್ದಾಡಿದರೂ ಆ ಕಾರ್ಡ್‌ಗಳು ಹಾಗೆ ಕೇಳಿಸುವುದಿಲ್ಲ.

ಪಿಕಪ್ ಬದಲಾಯಿಸಬೇಕು ಅನ್ಕೊಂಡಿದೀನಿ. ಯಾವುದು ಹಾಕಿಸಲಿ?

ಮೊದಲು ಸ್ಕ್ರೂಡ್ರೈವರ್ ತಗೊಳ್ಳಿ. ಪಿಕಪ್ ತಂತಿಗೆ ಹತ್ತಿರವಾದಷ್ಟೂ ಸದ್ದು ಜೋರು, ಒರಟು. ದೂರವಾದಷ್ಟೂ ತೆರವು, ಮೆದು. ಸ್ಟ್ರಾಟ್‌ನಲ್ಲಿ ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆದು, ಸ್ವರ ಬೇಗ ಸಾಯುತ್ತದೆ, ಶ್ರುತಿ ಹಳಸಿದಂತೆ ಕೇಳುತ್ತದೆ. ಅರ್ಧ ಮಿಲಿಮೀಟರ್ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ಗಿಟಾರಿನ ಟೋನ್ ನಾಬ್. ಕ್ರೀಮ್ ಬ್ಯಾಂಡ್ ಕಾಲದ ಎರಿಕ್ ಕ್ಲಾಪ್ಟನ್ ಅವರ ಹೆಸರಾಂತ ‘ವುಮನ್ ಟೋನ್’ಗೆ ಬೇಕಾದದ್ದು ಹಂಬಕರ್, ಪೂರ್ತಿ ಇಳಿಸಿದ ಟೋನ್ ನಾಬ್, ಜೋರಾಗಿಟ್ಟ ಮಾರ್ಷಲ್. ಆ ನಾಬನ್ನು ಎಂದೂ ಮುಟ್ಟದವರು ಪಿಕಪ್ ಕೊಳ್ಳಲು ಓಡುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಹಾಕಿಸಲೇಬೇಕು ಎನಿಸಿದರೆ, ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಹಂಬಕರ್‌ಗೆ 500 ಕಿಲೋಓಮ್ ಪಾಟ್ (ನಾಬ್ ತಿರುಗಿಸುವ ಒಳಭಾಗ) ಎಂಬ ರೂಢಿ ಮರೆಯಬೇಡಿ. ಹಂಬಕರ್‌ಗೆ 250 ಹಾಕಿದರೆ ಮಂಕಾಗುತ್ತದೆ.

## ಸ್ವಲ್ಪ ಮುಂದುವರಿದವರಿಗೆ

ಕೋಣೆಯಲ್ಲಿ ಅದ್ಭುತವಾಗಿ ಕೇಳುತ್ತೆ. ಬ್ಯಾಂಡ್ ಜೊತೆ ನುಡಿಸಿದ್ರೆ ಗಿಟಾರೇ ಕೇಳಲ್ಲ!

ಎರಡು ಕಾರಣ. ಮೊದಲನೆಯದು ಕಿವಿ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸ್ ಮತ್ತು ಟ್ರೆಬಲ್ ಸರಿಯಾಗಿ ಕೇಳುವುದಿಲ್ಲ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಕೋಣೆಯಲ್ಲಿ ಎರಡನ್ನೂ ಏರಿಸಿ, ಮಿಡ್ ಇಳಿಸಿ ಇಡುತ್ತೀರಿ. ಅದನ್ನೇ ಜೋರು ಮಾಡಿದರೆ ಕೆಳಗೆ ಗುಡುಗು, ಮೇಲೆ ಚುಚ್ಚು.

ಎರಡನೆಯದು ಜಾಗ. ಬಾಸ್ ಗಿಟಾರ್ ಮತ್ತು ಡ್ರಮ್‌ ಕೆಳಗಿನ ಜಾಗ ಹಿಡಿದಿರುತ್ತವೆ, ಸಿಂಬಲ್‌ ಮೇಲಿನದನ್ನು. ಗಿಟಾರಿಗೆ ಉಳಿಯುವುದು ಮಿಡ್. ನೀವು ಅದನ್ನೇ ತೆಗೆದಿದ್ದೀರಿ. ಬ್ಯಾಂಡ್ ಜೊತೆ ಇದ್ದಾಗ ಮಿಡ್ ಏರಿಸಿ, ಬಾಸ್ ಇಳಿಸಿ, ಗೇನ್ (ಸದ್ದು ಎಷ್ಟು ಒಡೆಯಬೇಕು ಎಂಬ ನಾಬ್) ನಿಮಗೆ ಬೇಕೆನಿಸಿದ್ದಕ್ಕಿಂತ ಕಡಿಮೆ ಇಡಿ. ಒಂಟಿಯಾಗಿ ಕೇಳಿದರೆ ಒರಟು ಎನಿಸುತ್ತದೆ. ಎನಿಸಲಿ ಬಿಡಿ.

ಅದೇ ಗಿಟಾರ್, ಅದೇ ಆಂಪ್, ಅದೇ ಸೆಟ್ಟಿಂಗ್. ರೆಕಾರ್ಡಿನ ಹಾಗೆ ಯಾಕೆ ಕೇಳಲ್ಲ?

ನೀವು ನಿಂತು ಕೇಳುವುದು ಆಂಪ್. ರೆಕಾರ್ಡಿನಲ್ಲಿ ಇರುವುದು ಸ್ಪೀಕರ್‌ಗೆ ಹತ್ತಿರವಿಟ್ಟ ಮೈಕ್ ಕೇಳಿದ ಸದ್ದು. ಶೂರ್ ಎಸ್‌ಎಂ57ನಂಥ ಮೈಕನ್ನು ಸ್ಪೀಕರಿನ ನಟ್ಟನಡುವೆ ಇಟ್ಟರೆ ಚೂಪು, ಅಂಚಿನ ಕಡೆ ಸರಿಸಿದರೆ ಮೆದು. ಎರಡು ಬೆರಳಷ್ಟು ಸರಿದರೂ ಹೊಸ ಆಂಪ್ ತಂದಂತೆ ಬದಲಾಗುತ್ತದೆ.

ಆಮೇಲೆ ಒಂದೇ ಭಾಗವನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಹಾಕಿರುತ್ತಾರೆ. ಗೋಡೆಯಂಥ ದಪ್ಪ ಬರುವುದು ಗೇನ್‌ನಿಂದಲ್ಲ, ಇದರಿಂದ. ಬ್ರಯಾನ್ ಮೇ ಅವರ ಗಿಟಾರ್ ಮೇಳಗಳು ಒಂದರ ಮೇಲೊಂದು ಪದರ ಪೇರಿಸಿದವು. ಒಂದೇ ಆಂಪಿನಿಂದ ಅವು ಬರಬೇಕೆಂದು ಬಯಸಬೇಡಿ. ನೀವೂ ಎರಡು ಸಲ ರೆಕಾರ್ಡ್ ಮಾಡಿ ನೋಡಿ, ಪ್ರತಿ ಸಲ ಗೇನ್ ಸ್ವಲ್ಪ ಕಡಿಮೆ ಇಟ್ಟು.

ಮಾಡೆಲರ್ ತಗೊಂಡ್ರೆ ಇಷ್ಟೆಲ್ಲ ತಲೆನೋವು ತಪ್ಪುತ್ತಾ?

ಮಾಡೆಲರ್ ಎಂದರೆ ಆಂಪ್, ಪೆಡಲ್‌ಗಳ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡುವ ಸಾಧನ. ಸಾಮಾನಿನ ತಲೆನೋವು ತಪ್ಪುತ್ತದೆ. ಹಲವರ ಟೋನ್ ಬೇಕು, ಮನೆಯಲ್ಲಿ ಸದ್ದು ಮಾಡುವ ಹಾಗಿಲ್ಲ ಅನ್ನುವವರಿಗೆ ನಾನು ಹೇಳುವುದು ಮಾಡೆಲರನ್ನೇ. 1998ರ ಲೈನ್ 6 ಪಾಡ್ ಕಾಲದ ಪ್ಲಾಸ್ಟಿಕ್ ಸದ್ದು ಈಗಿಲ್ಲ. ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನಿಜವಾದ ಆಂಪ್‌ಗಳ ನಕಲುಗಳನ್ನು ಕಂಪ್ಯೂಟರಿನಲ್ಲೇ ನುಡಿಸಬಹುದು. ಒಂದು ಆಂಪ್ ಕೊಳ್ಳುವ ಮುಂಚೆ ಆ ಮನೆತನ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ತುಂಬಾ ಜನ ಎಡವುವುದು ಕ್ಯಾಬಿನೆಟ್ ವಿಷಯದಲ್ಲಿ. ಹೆಡ್‌ಫೋನ್ ಅಥವಾ ಸ್ಟುಡಿಯೋ ಸ್ಪೀಕರ್‌ಗೆ ಕೊಡುವಾಗ ಕ್ಯಾಬ್ ಸಿಮ್ಯುಲೇಷನ್ (ಸ್ಪೀಕರ್ ಕ್ಯಾಬಿನೆಟ್‌ನ ನಕಲು) ಅಥವಾ ಐಆರ್ (ನಿಜವಾದ ಕ್ಯಾಬಿನೆಟ್ ಅಳೆದು ಮಾಡಿದ ಫೈಲ್) ಇರಲೇಬೇಕು, ಇಲ್ಲದಿದ್ದರೆ ಜೇನ್ನೊಣದ ಸದ್ದು. ಗಿಟಾರ್ ಕ್ಯಾಬಿನೆಟ್‌ಗೆ ಕೊಡುವಾಗ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಎರಡು ಸಲ ಸೋಸಿದಂತಾಗಿ ಕಂಬಳಿ ಹೊದಿಸಿದಂತೆ ಕೇಳುತ್ತದೆ. ರೆಡಿ ಇರುವ ಪ್ರೀಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಗೇನ್, ರಿವರ್ಬ್ ವಿಪರೀತ ಹಾಕಿರುತ್ತಾರೆ. ಎರಡನ್ನೂ ಅರ್ಧಕ್ಕೆ ಇಳಿಸಿ, ಆಮೇಲೆ ತೀರ್ಮಾನ ಮಾಡಿ.

ವ್ಯಾನ್ ಹೇಲನ್ ಥರ ಆಂಪಿಗೆ ವೇರಿಯಾಕ್ ಹಾಕಿ ವೋಲ್ಟೇಜ್ ಬದಲಾಯಿಸಲಾ?

ಬೇಡ. ವೇರಿಯಾಕ್ ಎಂದರೆ ಕರೆಂಟಿನ ವೋಲ್ಟೇಜ್ ಏರಿಳಿಸುವ ಪೆಟ್ಟಿಗೆ. ಅವರು 120 ವೋಲ್ಟಿನ ಆಂಪನ್ನು ಸುಮಾರು 90ಕ್ಕೆ ಇಳಿಸಿ ನುಡಿಸಿದರು. ವೋಲ್ಟೇಜ್ ಏರಿಸುತ್ತಿದ್ದರು ಎಂಬ ತಪ್ಪು ಸುದ್ದಿಯೂ ಬಹಳ ಕಾಲ ಹಬ್ಬಿತ್ತು. ಏರಿಸಿದರೆ ಟ್ಯೂಬ್, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತವೆ. ಇಳಿಸಿದರೂ ಬಯಾಸ್ (ಟ್ಯೂಬ್ ಎಷ್ಟು ಕರೆಂಟ್ ಎಳೆಯಬೇಕೆಂಬ ಹೊಂದಾಣಿಕೆ) ಸೇರಿ ಎಲ್ಲ ಏರುಪೇರಾಗುತ್ತದೆ. ಟ್ಯೂಬ್ ಆಂಪ್ ಒಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ, ಜೀವ ತೆಗೆಯುವಷ್ಟು. ಒಳಗೆ ಕೈ ಹಾಕುವ ಕೆಲಸ ಬಲ್ಲ ಟೆಕ್ನಿಷಿಯನ್‌ಗೆ ಬಿಡಿ. ಸದ್ದು ಇಳಿಸಿ ಟೋನ್ ಉಳಿಸಿಕೊಳ್ಳಬೇಕೆಂದರೆ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ ಹಾಕಿ. ಅವರ ಟೋನ್‌ನ ಉಳಿದ ಭಾಗ ಬ್ರಿಡ್ಜ್ ಬಳಿಯ ಹಂಬಕರ್, ಎಂಎಕ್ಸ್‌ಆರ್ ಫೇಸ್ 90 ಪೆಡಲ್, ಎಕೋಪ್ಲೆಕ್ಸ್ ಎಂಬ ಎಕೋ ಯಂತ್ರ. ಇವಕ್ಕೆಲ್ಲ ಅಪಾಯವಿಲ್ಲದ ಬದಲಿಗಳು ಸಿಗುತ್ತವೆ.

ಹೆಂಡ್ರಿಕ್ಸ್ ಸ್ಟ್ರಾಟನ್ನ ತಲೆಕೆಳಗು ಹಿಡಿದಿದ್ರಲ್ಲ, ಅದರಿಂದ ಟೋನ್ ಬದಲಾಗುತ್ತಾ?

ಬದಲಾಗುತ್ತದೆ, ಸ್ವಲ್ಪ. ಸ್ಟ್ರಾಟ್‌ನ ಬ್ರಿಡ್ಜ್ ಪಿಕಪ್ ಓರೆಯಾಗಿದೆ. ಮಾಮೂಲಿಯಾಗಿ ತೆಳು ತಂತಿಗಳ ಕಡೆ ಬ್ರಿಡ್ಜ್‌ಗೆ ಹತ್ತಿರ. ಬಲಗೈ ಗಿಟಾರನ್ನು ತಿರುಗಿಸಿ ತಂತಿಗಳನ್ನು ಎಡಗೈಗೆ ಸರಿಯಾಗಿ ಹಾಕಿಕೊಂಡಾಗ ದಪ್ಪ ತಂತಿಗಳು ಬ್ರಿಡ್ಜ್‌ಗೆ ಹತ್ತಿರವಾದವು. ಬಾಸ್ ತಂತಿ ಇನ್ನಷ್ಟು ಚುರುಕು, ತೆಳು ತಂತಿ ಇನ್ನಷ್ಟು ದುಂಡು. ಪಿಕಪ್‌ನ ಏರುತಗ್ಗಿನ ಅಯಸ್ಕಾಂತಗಳೂ ಅದಲುಬದಲಾದವು. ಜೊತೆಗೆ ಅವರು ಉದ್ದನೆಯ ಸುರುಳಿ ಕೇಬಲ್ ಬಳಸುತ್ತಿದ್ದರು. ಕೇಬಲ್ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಮೇಲಿನ ಚೂಪನ್ನು ತಿನ್ನುತ್ತದೆ. ಇಂದಿನ ಚಿಕ್ಕ ಕೇಬಲ್, ಬಫರ್ ಇರುವ ಪೆಡಲ್‌ಗಳ ಜೊತೆ ಫಝ್ ಕಿವಿ ಚುಚ್ಚುತ್ತಿದ್ದರೆ ಕಾರಣ ಇದೂ ಇರಬಹುದು. ಪಿಕಪ್ ಉಲ್ಟಾ ಓರೆ ಇರುವ ಸ್ಟ್ರಾಟ್‌ಗಳು ಸಿಗುತ್ತವೆ, ಆದರೆ ಬರೀ ಇದಕ್ಕಾಗಿ ಕೊಳ್ಳಬೇಡಿ. ಒಂದು ಅಗ್ಗದ ಉದ್ದ ಕೇಬಲ್ ಹಾಕಿ, ಫಝ್ ಹಿಂದೆ ಬೇರೇನೂ ಇಡದೆ, ಟೋನ್ ನಾಬ್ ಒಂದಿಷ್ಟು ಇಳಿಸಿ ಕೇಳಿ.